ಸಿಂಧನೂರಿಗೆ ಹೋದ ಟವೆಲ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಾಸ ಲಿಂಗಸುಗೂರಿನಲ್ಲಿ, ಬಾಡಿಗೆಯ ಒಂಟಿ ಕೋಣೆ. ಸಂಜೆಯ ಬಸ್ಸು ಸಿಂಧನೂರಿನಿಂದಲೇ ತುಂಬಿ ಬರುತ್ತಿತ್ತು. ಮಸ್ಕಿಯಲ್ಲಿ ಇಳಿಯುವವರ ಜಾಗ ಹಿಡಿಯಬೇಕೆಂದರೆ ಕಿಟಕಿಯಿಂದ ಟವೆಲ್ ಎಸೆಯಬೇಕು. ಯಾರ ಟವೆಲ್ ಬಿತ್ತೋ ಅವರ ಸೀಟು, ತಕರಾರಿಲ್ಲ. ಎಸೆದರೆ ಯಾರ ಮುಖಕ್ಕೆ ಬಡಿದೀತೋ, ಯಾರು ಎತ್ತಿಕೊಂಡು ಹೋದಾರೋ ಎಂದು ನಾನು ಯೋಚಿಸುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು.

ಹೀಗೆ ಎರಡು ವರ್ಷ ನಿಂತೇ ಹೋದೆ. ಬಸ್ಸಿನಲ್ಲಿ ಮಾತೆಲ್ಲ ಕೂತವರದು. ಕಂಬಿ ಹಿಡಿದು ಜೋಲುವವನನ್ನು ಯಾರೂ ಯಾವೂರು ಎಂದು ಕೇಳುವುದಿಲ್ಲ. ಕೋಣೆಗೆ ಹೋದರೆ ಅಲ್ಲಂತೂ ಕೇಳುವವರೇ ಇಲ್ಲ. ಹಾಗಾಗಿ ಆ ಸೀಟು ನನಗೆ ಬರಿಯ ಸೀಟಾಗಿ ಉಳಿದಿರಲಿಲ್ಲ.

ಒಂದು ಸಂಜೆ ಮನಸ್ಸು ಗಟ್ಟಿ ಮಾಡಿದೆ. ಬಸ್ಸು ನಿಲ್ದಾಣಕ್ಕೆ ತಿರುಗಿದ್ದೇ ತಡ, ಹಿಂದಿನ ಕಿಟಕಿಯೊಳಗೆ ಹೊಸ ಟವೆಲ್ ತೂರಿದೆ. ಸೀಟಿನ ನಟ್ಟನಡುವೆ ಬಿತ್ತು! ಗೆದ್ದೆ ಎಂದು ಬಾಗಿಲ ಕಡೆ ಓಡಿ, ಅಭ್ಯಾಸದಂತೆ ಬೋರ್ಡು ನೋಡಿದೆ. ಅದು ಸಿಂಧನೂರಿಗೆ ಹೊರಟ ಬಸ್ಸು. ಬಾಗಿಲಲ್ಲಿ ನೂಕುನುಗ್ಗಲು, ಒಳಗೆ ಹೋಗಲಾಗಲಿಲ್ಲ. "ನನ್ನ ಟವೆಲ್ರೀ!" ಎಂದು ಬಸ್ಸಿನ ಹಿಂದೆ ಓಡಿದ್ದಷ್ಟೇ ಬಂತು.

"ಏನ್ರೀ ಸಾಹೇಬ್ರ," ಚಹಾ ಅಂಗಡಿಯವನು ಕೂಗಿದ, "ಟವೆಲ್ ಸಿಂಧನೂರಿಗೆ ಕಳಿಸಿ ನೀವು ಲಿಂಗ್ಸೂರಿಗೆ ಹೊಂಟೀರೇನು?"

ನಿಲ್ದಾಣವೆಲ್ಲ ನಕ್ಕಿತು. ಆ ಸಂಜೆಯೂ ನಿಂತೇ ಹೋದೆ.

ಮರುದಿನ ಆ ಬಸ್ಸಿನ ಕಂಡಕ್ಟರ್ ಟವೆಲ್ಲನ್ನು ಮಡಚಿ ತಂದುಕೊಟ್ಟ. "ಹಿಂದ ಓಡಿ ಬಂದವ್ರು ನೀವss ಅಲ್ಲೇನ್ರಿ? ಸಿಂಧನೂರತನಾ ಒಬ್ರೂ ಮುಟ್ಟಿಲ್ಲ ನೋಡ್ರಿ. ಬಾಜೂಕ ಒಬ್ಬ ಮುದುಕ ನಿಂತಿದ್ದ, ಕುಂದ್ರೋ ಯಜ್ಜಾ ಅಂದೆ. ಯಾರೋ ಹಾಕ್ಯಾರ, ಬರ್ತಾರ ಬಿಡು ಅಂದ."

ನನ್ನ ಮುಖವನ್ನೇ ನೋಡದ ಒಬ್ಬ ಮನುಷ್ಯ ದಾರಿಯುದ್ದಕ್ಕೂ ನನ್ನ ಜಾಗ ಕಾದಿದ್ದ. ಅದಕ್ಕೆ ಹಿಗ್ಗಬೇಕಿತ್ತು. ನನಗೋ ಒಂದು ವಾರ ಅವನ ಮೊಣಕಾಲಿನದೇ ಚಿಂತೆ.

ಆಮೇಲೊಂದು ದಿನ ಬೋರ್ಡನ್ನು ಎರಡು ಸಲ ಓದಿ ಎಸೆದೆ. ಇಬ್ಬರು ಕೂಡುವ ಸೀಟು ಸಿಕ್ಕಿತು. ಕಿಟಕಿಯ ಪಕ್ಕ ಕೂತೆ. ತಹಸೀಲ್ದಾರನ ಕುರ್ಚಿ ಸಿಕ್ಕವನ ಹಾಗೆ ಎದೆ ಉಬ್ಬಿತ್ತು. ಟವೆಲ್ ಪಕ್ಕದ ಜಾಗದಲ್ಲಿ ಹಾಗೇ ಹಾಸಿತ್ತು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ನಿಂತಳು.

"ಯಾರರ ಬರೋರು ಅದಾರೇನ್ರೀ ಅಣ್ಣಾರ?"

ಯಾಕೋ ಒಮ್ಮೆ ಬಾಗಿಲ ಕಡೆ ನೋಡಿದೆ.

"ಯಾರೂ ಇಲ್ಲವ್ವ. ಕೂಡು," ಎಂದು ಟವೆಲ್ ಎಳೆದುಕೊಂಡೆ.

ಯಾವೂರು ಎಂದು ಕೇಳಿಯಾಳು ಎಂದು ಉತ್ತರ ಸಿದ್ಧ ಮಾಡಿಕೊಂಡೆ. ಅವಳು ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು, "ಒಂಚೂರು ಹಿಡಕೋರಿ," ಎಂದವಳೇ ನಿದ್ದೆಹೋದಳು. ಬೀಳಬಾರದೆಂದು ಲಿಂಗಸುಗೂರಿನ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.