ಬೇವಿನ ಸಾಲಿನ ಸೇತುವೆ

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಕಾಲವದು. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಹೈದರಾಬಾದಿನಿಂದ ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರಿಗೆ ತುಂಗಭದ್ರೆಯನ್ನು ಉಳಿಸುವ ಹಂಬಲ ಹತ್ತಿತು. ಮಳೆಗಾಲದ ಒಂದು ಭಾನುವಾರ ನಮಗೆಲ್ಲ ಹಸಿರು ಟೊಪ್ಪಿಗೆ ಹಾಕಿಸಿ, ಬೇವಿನ ಸಸಿಗಳ ಜೊತೆ ನಮ್ಮನ್ನೂ ಟೆಂಪೋಗೆ ತುಂಬಿ, ಮೇಡ್ಲೇರಿಯಾಚೆ ಹೊಳೆದಂಡೆಯ ಒಂದು ಹಳ್ಳಿಗೆ ಕರೆದೊಯ್ದರು.

ದಂಡೆಯ ತುಂಬ ಜಾಲಿಕಂಟಿ, ಗುದ್ದಲಿ ಹಾಕಲು ಜಾಗವಿಲ್ಲ. ಕಡೆಗೆ ಊರಿನಿಂದ ಹೊಳೆಗಿಳಿಯುವ ಹಾದಿಯ ಎರಡೂ ಬದಿಗೆ ಸಸಿ ಹಚ್ಚುವುದೆಂದಾಯಿತು. ನಮ್ಮ ಡ್ರೈವರ್ ಚಾಚಾ ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯತೊಡಗಿದರು.

ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕಿಯೊಬ್ಬಳು ನಿಂತಳು. ಗೆರೆ ನೀರಿನತ್ತ ಹೋಗುವುದನ್ನು ನೋಡಿದಳು, ಸೇತುವೆಯಿಲ್ಲದ ಹೊಳೆಯ ಆಚೆ ದಂಡೆಯನ್ನು ನೋಡಿದಳು.

"ಅಂದ್ರ ಬ್ರಿಜ್ ಬಂತೇನ್ರಿ ಅಕ್ಕಾರ?"

"ಇಲ್ಲಬೇ, ಬರೇ ಗಿಡಾ ಹಚ್ಚಾಕತ್ತೀವಿ," ಎಂದೆ.

"ಬರೇ ಗಿಡಾ ಹಚ್ಚಾಕ ಇಷ್ಟು ಮಂದಿ ಒಂದ ನಮೂನಿ ಟೊಪಗಿ ಹಾಕ್ಕೊಂಡು ರಾಣೆಬೆನ್ನೂರಿಂದ ಯಾಕ ಬರ್ತಾರ?"

ಅವಳು ಎಮ್ಮೆಗಳನ್ನು ಅಲ್ಲೇ ಬಿಟ್ಟು ಊರೊಳಗೆ ಧಾವಿಸಿದಳು.

ಸ್ವಲ್ಪ ಹೊತ್ತಿಗೆ ಊರಿಗೆ ಊರೇ ಬಂತು. ಒಬ್ಬ ಹಿರಿಯರು ಎರಡು ಗೆರೆಗಳ ನಡುವೆ ಅಡ್ಡ ನಡೆದು ತಲೆ ಅಲ್ಲಾಡಿಸಿದರು. "ಇಷ್ಟು ಇಕ್ಕಟ್ಟು ಮಾಡಿದ್ರ ಎದುರಾಬದುರಾ ಲಾರಿ ಹೆಂಗ ಹಾಯ್ತಾವ?" ತಾವೇ ಎರಡು ಚಕ್ಕಡಿ ತರಿಸಿ, ಪಕ್ಕಪಕ್ಕ ನಿಲ್ಲಿಸಿ, ಗೆರೆಯನ್ನು ಅಗಲ ಮಾಡಿಸಿದರು. ಮುಂದೆ ಒಬ್ಬನ ಮೇವಿನ ಬಣವೆ ಅಡ್ಡ ಬಂತು. ಅವನು ಬಣವೆಗೆ ಬೆನ್ನು ಹಚ್ಚಿ ಕುಳಿತು, "ಮೊದಲ ನನ್ನ ಮ್ಯಾಲೆ ಹಚ್ರಿ" ಎಂದ. ಸಾಲು ಎಡಕ್ಕೆ ಹೊರಳಿತು. ಕಿರಾಣಿ ಅಂಗಡಿಯವನಿಗೆ ಅದು ತನ್ನ ಬಾಗಿಲ ಮುಂದೆಯೇ ಹಾಯಬೇಕಿತ್ತು. ಎಲ್ಲರಿಗೂ ಚಹಾ ತರಿಸಿದ. ಸಾಲು ಬಲಕ್ಕೂ ಹೊರಳಿತು.

ನಾನು ಹಿರಿಯರನ್ನು ಬದಿಗೆ ಕರೆದು, "ಖರೇನ ಹೇಳ್ತೇನ್ರಿ, ಇದು ಬ್ರಿಜ್ ಅಲ್ಲ" ಎಂದೆ.

ಅವರು ದನಿ ತಗ್ಗಿಸಿದರು. "ನೀವು ಹಂಗ ಹೇಳಬೇಕಾಕ್ಕೈತಿ ಬಿಡ್ರಿ. ಮ್ಯಾಲಿನ ಹುಕುಂ ಇರ್ತೈತಿ."

ಕನ್ನಡ ಬಾರದ ಸಾಹೇಬರಿಗೆ ಇದೆಲ್ಲ ಪರಿಸರ ಪ್ರೇಮವಾಗಿ ಕಂಡಿತು. ಅವರು ಉಬ್ಬಿ ಹೋಗಿ ಹಿಂದಿಯಲ್ಲಿ ಭಾಷಣ ಮಾಡಿದರು. ಚಾಚಾ ಪಕ್ಕದಲ್ಲಿ ನಿಂತು, ಒಂದಕ್ಷರ ಕೂಡಿಸದೆ, ಕಳೆಯದೆ ಕನ್ನಡಕ್ಕೆ ತಂದರು. "ಸಾಹೇಬ್ರು ಏನಂತಾರಂದ್ರ, ಈ ಗಿಡಗೋಳು ನಮಗೂ ನಿಮಗೂ ನಡುವ ಒಂದು ಬ್ರಿಜ್ ಇದ್ದಂಗ."

ಚಪ್ಪಾಳೆಗೆ ಎಮ್ಮೆಗಳು ಬೆದರಿ ಓಡಿದವು. ನಮ್ಮ ಕೈಯಿಂದ ಗುದ್ದಲಿ ಕಸಿದುಕೊಂಡು ಊರವರೇ ಎಲ್ಲ ತೆಗ್ಗು ತೋಡಿ ಮುಗಿಸಿದರು. ನಾವು ಟೊಪ್ಪಿಗೆ ಸರಿ ಮಾಡಿಕೊಂಡು ಫೋಟೋಕ್ಕೆ ನಿಂತೆವು. ಮರಳುವಾಗ ಟೆಂಪೋದಲ್ಲಿ ಸಾಹೇಬರಿಗೆ ನಡೆದದ್ದನ್ನು ವಿವರಿಸಿದೆ. "ಹೌದು, ಸೇತುವೆ ಅಂತ ನಾನೇ ಹೇಳಿದೆನಲ್ಲ. ಜನರ ಮನಸ್ಸಿಗೆ ಎಷ್ಟು ನಾಟಿದೆ ನೋಡಿ," ಎಂದು ಕಣ್ಣು ಒರೆಸಿಕೊಂಡರು.

ಕೆಲವು ವರ್ಷಗಳ ನಂತರ, ಆ ಕೆಲಸ ಬಿಟ್ಟ ಮೇಲೆ, ಸಂಬಂಧಿಕರ ಮನೆಯ ಬಸುರಿಗೆ ಕುಪ್ಪಸ ಮಾಡುವ ಕಾರ್ಯಕ್ಕೆ ಅದೇ ಊರಿಗೆ ಹೋಗಬೇಕಾಯಿತು. ಉಂಡು ಹೊಳೆಯ ಕಡೆ ಹೊರಟೆ. ಒಂದು ಗಿಡವೂ ಒಣಗಿರಲಿಲ್ಲ. ನನಗಿಂತ ಎತ್ತರದ ಬೇವುಗಳ ಸಾಲು ಲಾರಿ ಹಾಯುವಷ್ಟು ಅಗಲ ಬಿಟ್ಟುಕೊಂಡು, ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ನೀರಿನಂಚಿಗೆ ಹೋಗಿ ನಿಂತಿತ್ತು. ಆ ಮುದುಕಿ ಬುಡಕ್ಕೆ ಹಾಕಿದ್ದ ಮುಳ್ಳು ಸರಿಮಾಡುತ್ತಿದ್ದಳು. ನನ್ನ ಗುರುತು ಹಿಡಿದಳು.

"ಬರ್ರಿ ಅಕ್ಕಾರ. ಬ್ರಿಜ್ ಯಾವಾಗ್ರಿ?"

"ಅದು ಬರೇ ಗಿಡಾನ ಐತಬೇ. ಅವತ್ತೂ ಹೇಳಿದ್ದೆ."

"ಇರ್ಲಿ ಬಿಡ್ರಿ. ಬ್ರಿಜ್ಜಿನ ಗುರುತಿಗೆ ಗೂಟಾ ನೆಟ್ಟಿದ್ರ ಯಾರರ ಕಿತ್ತೊಗೀತಿದ್ರು. ಇವಕ್ಕ ಬೇರು ಬಂದಾವು." ಸೆರಗಿನಿಂದ ಮುಖ ಒರೆಸಿಕೊಂಡು ಹೊಳೆಯಾಚೆ ಕೈ ತೋರಿದಳು. "ಅಲ್ನೋಡ್ರಿ. ನನ್ನ ಮಗಳನ್ನ ಆಚೀ ಊರಿಗೆ ಕೊಟ್ಟೇನಿ. ಆಕೀನೂ ಆ ದಂಡಿಗೆ ಎರಡು ಸಾಲು ಹಚ್ಯಾಳ. ಬ್ರಿಜ್ಜಿಗೆ ಎಲ್ಲಿ ಇಳೀಬೇಕು ಅಂತ ಗೊತ್ತಾಗಬೇಕಲ್ರಿ?"

ಕೈ ಅಡ್ಡ ಹಿಡಿದು ನೋಡಿದೆ. ತುಂಬಿ ಹರಿಯುವ ಕೆಂಪು ನೀರಿನಾಚೆ, ಇವಕ್ಕೆ ಸರಿಯಾಗಿ ಎದುರಿಗೆ, ಎರಡು ಸಾಲು ಎಳೆಯ ಬೇವು ಗಾಳಿಗೆ ತೂಗುತ್ತಿದ್ದವು.