ಅಪ್ಪ ತಿರುವಿದ ಮುದ್ದೆಗೆ ಮಗಳಿಗೆ ಬ್ಯಾಡ್ಜ್ ಬೇಕಂತೆ

ಸ್ನೇಹಿತರೇ, ನಾನು ಶಾಲೆಯಲ್ಲಿ ಗೈಡ್ಸ್ ಹುಡುಗಿಯರನ್ನು ನೋಡಿಕೊಳ್ಳುವ ಮೇಡಂ. ಇವತ್ತು ಮಾಲೂರಿನಲ್ಲಿ ಅಡುಗೆ ಬ್ಯಾಡ್ಜಿನ ಪರೀಕ್ಷೆ ಇಟ್ಟಿದ್ದೆ. ಎಂಟನೇ ತರಗತಿಯ ಸೃಜನಾ ರಾಗಿ ಮುದ್ದೆ ಮಾಡಬೇಕಿತ್ತು. ಈ ಬ್ಯಾಡ್ಜ್ ಸಿಕ್ಕರೆ ಮಾತ್ರ ಅವಳು ಬೇಸಿಗೆ ಶಿಬಿರಕ್ಕೆ ಹೋಗಬಹುದು.

ಎಸರು ಕುದಿಯಿತು, ಹಿಟ್ಟೂ ಬಿತ್ತು. ಬೇರೆ ಮಕ್ಕಳ ಒಲೆ ನೋಡಿ ತಿರುಗಿದರೆ, ಮುದ್ದೆ ಕೋಲು ಅವಳ ಅಪ್ಪನ ಕೈಯಲ್ಲಿ! ಪ್ಯಾಂಟು ಮಡಚಿಕೊಂಡು ಕುಕ್ಕರುಗಾಲಲ್ಲಿ ಕೂತು ತಿರುವುತ್ತಿದ್ದಾರೆ. ಮಗಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾಳೆ.

"ಏನ್ ಸಾರ್ ಇದು? ಪರೀಕ್ಷೆ ಅವಳಿಗೆ."

"ಅವಳು ತಿರುವಿದ್ರೇನು, ನಾನು ತಿರುವಿದ್ರೇನು ಮೇಡಂ? ಮನೆ ಒಂದೇ ಅಲ್ವಾ?"

ಅವರನ್ನು ಆಚೆ ಕಳಿಸಿ ಹೊಸದಾಗಿ ಎಸರಿಡಿಸಿದೆ. ಕಿಟಕಿಯಲ್ಲಿ ತಲೆ ತೂರಿಸಿದರು. "ತಿರುವಮ್ಮಾ, ತಿರುವು! ತಳ ಹಿಡೀತೈತೆ!"

ಅವಳು ಗಾಬರಿಯಾಗಿ ತಿರುವುವುದು ಬಿಟ್ಟು ಕಿಟಕಿ ಕಡೆ ನೋಡಿದಳು. ಮುದ್ದೆ ತುಂಬ ಗಂಟು. "ಮುಂದಿನ ವಾರ ಮತ್ತೆ ಮಾಡು" ಎಂದೆ. ಅಪ್ಪ ಒಳಗೆ ನುಗ್ಗಿದರು. "ಗಂಟು ಎಲ್ಲೈತೆ ಮೇಡಂ?" ಎನ್ನುತ್ತಾ ಒಂದೊಂದೇ ತುತ್ತು ಮುರಿದು ಇಡೀ ಮುದ್ದೆ ನುಂಗಿಬಿಟ್ಟರು. "ಈಗ ತೋರ್ಸಿ ನೋಡಾನ!"

ತಟ್ಟೆಯಲ್ಲಿ ತೋರಿಸಲು ಏನೂ ಉಳಿದಿರಲಿಲ್ಲ.

ಹೊರಡುವಾಗ ಸೃಜನಾ ಹತ್ತಿರ ಬಂದು ಪಿಸುಗುಟ್ಟಿದಳು. "ಮೇಡಂ, ಅಪ್ಪ ನರಸಾಪುರದ ಫ್ಯಾಕ್ಟರೀಲಿ ಡ್ಯೂಟೀಲಿರೋ ಹೊತ್ತಿಗೆ ಪರೀಕ್ಷೆ ಇಡ್ತೀರಾ? ನಂಗೆ ಮುದ್ದೆ ಮಾಡೋಕೆ ಬರುತ್ತೆ. ಅಪ್ಪ ಇದ್ರೆ ಬರಲ್ಲ."

ಇಷ್ಟು ವರ್ಷ ಮಕ್ಕಳ ರಜೆ ನೋಡಿಕೊಂಡು ಪರೀಕ್ಷೆ ಇಡುತ್ತಿದ್ದೆ. ಇನ್ನು ಮೇಲೆ ಅಪ್ಪಂದಿರ ಶಿಫ್ಟ್ ಕೇಳಿಕೊಂಡು ಇಡಬೇಕು.