ಐವತ್ತೈದೂ ಬರ್ತೈತ್ರಿ

ಹೋದ ತಿಂಗಳು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬಳು ಚೀಲದಿಂದ ಬಾಟಲಿ ತೆಗೆದು ಮಗಳ ನೆತ್ತಿಗೆ ಬ್ರಾಹ್ಮಿ ಎಣ್ಣೆ ತಟ್ಟಿದಳು. “ಪರೀಕ್ಷಿ ಐತ್ರಿ ಇವತ್ತು, ತಲಿ ತಂಪಿರ್ಲಿ” ಎಂದು ನನ್ನ ಕಡೆ ನೋಡಿ ನಕ್ಕಳು. ನಾನೂ ನಗಬೇಕಿತ್ತು. ಆದರೆ ಆ ಘಾಟು ಮೂಗಿಗೆ ಬಡಿದದ್ದೇ ಎದ್ದು ದೂರ ಹೋಗಿ ನಿಂತೆ.

ಅದು ನಮ್ಮ ಮೇಷ್ಟ್ರ ವಾಸನೆ.

ತೊಂಬತ್ತರ ದಶಕದ ಕೊನೆ. ನಾನು ಕೊಟ್ಟೂರಿನಲ್ಲಿ ನಾಲ್ಕನೇ ಕ್ಲಾಸು. ಮೇಷ್ಟ್ರು ಎಲ್ಲಿಂದಲೋ ಬಂದು, ಬಟ್ಟೆ ಅಂಗಡಿಯ ಮೇಲಿನ ಕೋಣೆ ಹಿಡಿದು, ‘ಪ್ರತಿಭಾವಂತ ಮಕ್ಕಳ ವಿಶೇಷ ತರಗತಿ’ ಎಂದು ಬೋರ್ಡು ಹಾಕಿದರು. ಶಾಲೆಶಾಲೆಗೆ ಹೋಗಿ ಬಾಯಿಲೆಕ್ಕ ಕೇಳಿ ಮಕ್ಕಳನ್ನು ಆರಿಸಿದರು. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಇಡೀ ದಿನ ಅಲ್ಲಿ ಕ್ಲಾಸು. ನನ್ನ ಹೆಸರು ಬಂದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಕೋಣೆಯಲ್ಲಿ ಎರಡು ಸಾಲು. ಮುಂದಿನವರು ‘ವಜ್ರಗಳು’, ನಾನೂ ಅವರಲ್ಲೊಬ್ಬಳು. ಹಿಂದಿನವರಿಗೆ ಹೆಸರೇ ಇರಲಿಲ್ಲ. ಪಾಠಕ್ಕೆ ಮೊದಲು ಮೇಷ್ಟ್ರು ವಜ್ರಗಳ ನೆತ್ತಿಗೆ ತಮ್ಮ ಕೈಯಾರೆ ಎಣ್ಣೆ ಸವರುತ್ತಿದ್ದರು. ಬೆರಳಿಗೆ ಉಳಿದ ಜಿಡ್ಡನ್ನು ಹಿಂದಿನ ಸಾಲಿನ ಯಾವುದಾದರೂ ಮಗುವಿನ ಅಂಗಿಗೆ ಒರೆಸುತ್ತಿದ್ದರು. ಮಾತಾಡುತ್ತಲೇ, ಆ ಕಡೆ ತಿರುಗಿಯೂ ನೋಡದೆ... ಗೋಡೆಗೆ ಒರೆಸಿದ ಹಾಗೆ.

ಆ ಅಂಗಿ ಹೆಚ್ಚಾಗಿ ನನ್ನ ಗೆಳತಿಯದಾಗಿರುತ್ತಿತ್ತು. ಉಜ್ಜಿನಿ ಕಡೆಯ ಹಳ್ಳಿಯ, ಕುರಿ ಸಾಕುವವರ ಮಗಳು. ಕೊಟ್ಟೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಏನು ಕೇಳಿದರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಉತ್ತರ ಹೇಳುವಳು. ಹೇಳಿದ್ದು ತಪ್ಪಿದ್ದೇ ಇಲ್ಲ. ಆದರೆ ಮೇಷ್ಟ್ರಿಗೆ ಕಾಯುವ ವ್ಯವಧಾನವಿರಲಿಲ್ಲ. “ಸ್ಟೇಜಿಗೆ ಬರಂಗಿಲ್ಲ ಇದು” ಎಂದು ಎರಡೇ ವಾರದಲ್ಲಿ ಹಿಂದಕ್ಕೆ ಕೂರಿಸಿದರು.

ಒಂದು ಭಾನುವಾರ ಮೆಟ್ಟಿಲ ಮೇಲೆ ಕೂತು ಬುತ್ತಿ ಉಣ್ಣುವಾಗ ಅವಳು ತಾನೇ ಕಟ್ಟಿದ ಒಂದು ಲೆಕ್ಕ ಹೇಳಿದಳು.

“ದೊಡ್ಡಿಯಿಂದ ಕುರಿ ಎರಡೆರಡು ಹೊರಗ ಬಿಟ್ರ ಒಂದು ಉಳಿತೈತಿ. ಮೂರುಮೂರು ಬಿಟ್ರೂ ಒಂದು ಉಳಿತೈತಿ. ಐದೈದು ಬಿಟ್ರ ಒಂದೂ ಉಳಿಯಂಗಿಲ್ಲ. ಎಷ್ಟು ಕುರಿ, ಹೇಳು?”

ತಡಕಾಡಿ ತಡಕಾಡಿ “ಇಪ್ಪತ್ತೈದು” ಎಂದೆ. ನಮ್ಮ ಹಿಂದೆ ಮೇಷ್ಟ್ರು ನಿಂತಿದ್ದರು. “ಚಲೋ ಐತಲ್ಲ!” ಎಂದರು. ನನಗೆ.

ಮುಂದಿನ ತಿಂಗಳು ಕಲ್ಯಾಣ ಮಂಟಪದಲ್ಲಿ ತರಗತಿಯ ಪ್ರದರ್ಶನ ಇತ್ತು. ಊರಿನ ದೊಡ್ಡವರು, ತಂದೆತಾಯಂದಿರು ಎಲ್ಲ ಬಂದಿದ್ದರು. ವಜ್ರಗಳು ಸ್ಟೇಜಿನ ಮೇಲೆ, ಹಿಂದಿನ ಸಾಲಿನ ಮಕ್ಕಳು ನೀರು ಕೊಡುವುದಕ್ಕೆ. ಸಭಿಕರು ಕೇಳಿದ ಪ್ರಶ್ನೆ ಎಂದು ಮೇಷ್ಟ್ರು ಓದಿದ್ದೆಲ್ಲ ನಮಗೆ ಮೊದಲೇ ಬಾಯಿಪಾಠ ಮಾಡಿಸಿದ್ದು. ಕೊನೆಗೆ ಕುರಿ ಲೆಕ್ಕ ಬಂತು. “ಇದು ನಾನೇ ರಚಿಸಿದ ಸಮಸ್ಯೆ” ಎಂದು ಮೈಕಿನಲ್ಲಿ ಹೇಳಿ ನನ್ನತ್ತ ಕೈ ತೋರಿದರು. ನಾನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಸಣ್ಣ ದನಿ ಬಂತು.

“ಸರ್, ಇಪ್ಪತ್ತೈದೊಂದ ಅಲ್ರಿ. ಐವತ್ತೈದೂ ಬರ್ತೈತ್ರಿ. ಆಮ್ಯಾಲೂ ಬರ್ತಾವ್ರಿ...”

ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಕಣ್ಣು ಹೊಳೆಯುತ್ತಿದ್ದವು. ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಇಂದಿಗೂ ಅಸಹ್ಯ. ಸಭೆಯ ಕಡೆ ತಿರುಗಿ ನಕ್ಕು, “ನೋಡಿ, ಇಂಥ ದಡ್ಡರನ್ನೂ ತಿದ್ದಬೇಕು, ನಮ್ಮ ಕಷ್ಟ ಎಷ್ಟಿದೆ” ಎಂದರು. ಸಭೆ ನಕ್ಕಿತು. ನಾನು ಮೈಕಿಗೆ ಬಾಯಿ ಹಚ್ಚಿ, “ಅಕಿ ಹೇಳಿದ್ದು ಖರೇ ಐತ್ರಿ, ಆ ಲೆಕ್ಕ ಮಾಡಿದಾಕಿನೂ ಅಕಿನ” ಎಂದೆ. ಅಷ್ಟರಲ್ಲಿ ಯಾರೋ ಮೈಕು ಆರಿಸಿದ್ದರು. ನನ್ನ ಮಾತು ಮುಂದಿನ ಕುರ್ಚಿಗಳವರೆಗೂ ಹೋಗಲಿಲ್ಲ.

ಬಾಗಿಲ ಬಳಿ ಅವಳ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಅವನ ಹತ್ತಿರ ಹೋಗಿ, “ಈಕಿ ತಲಿಗೆ ವಿದ್ಯೆ ಹತ್ತಂಗಿಲ್ಲ. ಕುರಿ ಹಿಂದ ಕಳ್ಸು” ಎಂದರು. ಅಪ್ಪ ಕೈ ಮುಗಿದ. “ನೀವು ತಿಳದೋರು ಹೇಳಿದ ಮ್ಯಾಲೆ ಮುಗೀತ್ರಿ” ಎಂದ. ಅವತ್ತೇ ಸಂಜೆ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೋದ. ನಾನು ಅವ್ವನ ಮುಂದೆ ಹಟ ಹಿಡಿದು ಕೂತೆ, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಮೇಷ್ಟ್ರು ಮಾತ್ರ ಮುಂದೆ ಸನ್ಮಾನದ ಮೇಲೆ ಸನ್ಮಾನ ಮಾಡಿಸಿಕೊಂಡರು. ತೀರಿಹೋದಾಗ ಶ್ರದ್ಧಾಂಜಲಿ ಸಭೆಯಲ್ಲಿ ಎರಡು ಒಳ್ಳೆಯ ಮಾತಾಡಿ ಎಂದು ಊರವರು ನನಗೂ ಹೇಳಿಕಳಿಸಿದ್ದರು. ಎರಡು ಎಲ್ಲಿಂದ ತರಲಿ...

ಅವತ್ತು ಬಸ್‌ಸ್ಟ್ಯಾಂಡಿನಿಂದ ನಾನು ಕೊಟ್ಟೂರಿನ ಬಸ್ಸು ಹತ್ತಿದೆ. ಗೆಳತಿ ಅದೇ ಸೋದರತ್ತೆಯ ಮನೆಗೆ ಸೊಸೆಯಾಗಿ ಬಂದಿದ್ದಾಳೆಂದು ಕೇಳಿದ್ದೆ. ಬಾಗಿಲಲ್ಲೇ ಗುರುತು ಹಿಡಿದಳು, ಆದರೆ “ಬರ್ರಿ” ಎಂದಳು. ಚಹಾ ಕೊಟ್ಟಳು. ಕುರಿ ಲೆಕ್ಕ ನೆನಪಿದೆಯಾ ಎಂದು ಕೇಳಿದೆ.

“ನಂಗೆಲ್ಲಿ ಲೆಕ್ಕ ಬರ್ತೈತ್ರಿ? ನಾ ದಡ್ಡಿ. ಸರ್ ಅವಾಗ್ಲೇ ಹೇಳಿದ್ರಲ್ಲ.” ಊರಿನ ಹೆಸರು ಹೇಳುವಷ್ಟು ಸಹಜವಾಗಿ ಹೇಳಿದಳು.

ಲೆಕ್ಕವನ್ನು ನಾನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮುಖವರಳಿಸಿ, “ಭಾರಿ ಐತಲ್ರಿ! ಯಾರು ಮಾಡಿದ್ದು ಇದನ್ನ?” ಎಂದು ಕೇಳಿದಳು.

ನೀನೇ ಎಂದೆ. ಸೆರಗು ಬಾಯಿಗಿಟ್ಟು ನಕ್ಕಳು, ನಂಬಲಿಲ್ಲ.